ಅಯ್ಯನವರನ್ನು ಆಫೀಸಿನವರೆಂದ ಮಳೆಗಾಲ

ವೇಲಚೇರಿಗೆ ಇನ್ನು ಕಾಲಿಡುವುದಿಲ್ಲವೆಂದು ನಾನೇನೂ ಆಣೆ ಇಟ್ಟಿರಲಿಲ್ಲ. ಆದರೂ ಅಲ್ಲಿನ ಬಾಡಿಗೆ ಮನೆ ಬಿಟ್ಟ ಮೇಲೆ ಆರು ವರ್ಷ ಆ ಕಡೆ ತಲೆ ಹಾಕಲಿಲ್ಲ. ನಾವೀಗ ಇರುವ ತಾಂಬರಂನಿಂದ ಅದೇನು ಕಾಶಿಯಷ್ಟು ದೂರವಲ್ಲ, ಒಂದು ಬಸ್ಸು ಹತ್ತಿದರೆ ಮುಗಿಯಿತು. ಬಸ್ಸುಗಳೂ ಬೇಕಾದಷ್ಟಿವೆ. ಮನಸ್ಸು ಬೇಕಲ್ಲ.

ಈ ಸಲ ಹೋಗಲೇಬೇಕಾಯಿತು. ನನ್ನ ಗಂಡ ಸುಧಾಕರ್ ಎಡಗಾಲಿಗೆ ಒಂದು ಪ್ಲಾಸ್ಟಿಕ್ಕಿನ ಆಸರೆ ಕಟ್ಟಿಕೊಳ್ಳುತ್ತಾರೆ. ಅದಿಲ್ಲದಿದ್ದರೆ ನಡೆಯುವಾಗ ಪಾದ ಜೋತುಬೀಳುತ್ತದೆ. ಅದರ ಪಟ್ಟಿ ಕಿತ್ತುಹೋಗಿತ್ತು. ಅದನ್ನು ಸರಿಮಾಡಿಕೊಡುವವನ ಅಂಗಡಿ ವೇಲಚೇರಿಯಲ್ಲಿದೆ. ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಚೆನ್ನೈಯ ಮಳೆಗಾಲ ನಮ್ಮೂರಿನ ಹಾಗೆ ಆಷಾಢದಲ್ಲಿ ಬರುವುದಿಲ್ಲ, ಪಟಾಕಿ ಒದ್ದೆಯಾಗುವ ಹೊತ್ತಿಗೆ ಶುರುವಾಗಿ ಕ್ರಿಸ್ಮಸ್ಸಿನ ಹೊತ್ತಿಗೆ ಮುಗಿಯುತ್ತದೆ. ಬಸ್ಸಿಳಿದು ಹತ್ತು ಹೆಜ್ಜೆ ಹೋಗುವುದರೊಳಗೆ ಸುರಿಯತೊಡಗಿತು. ಓಡಿಹೋಗಿ ಒಂದು ಪೂಜಾ ಸಾಮಾನಿನ ಅಂಗಡಿಯ ಸೂರಿನಡಿ ನಿಂತೆ. ಇರಿಚಲು ಹೊಡೆದು ಒದ್ದೆಯಾದ ವಿಭೂತಿ ಗಟ್ಟಿಗಳ ವಾಸನೆ ಮೂಗಿಗೆ ಬಡಿಯಿತು. ಎಷ್ಟೋ ಜನಕ್ಕೆ ಆ ವಾಸನೆಯಲ್ಲಿ ದೇವರು ನೆನಪಾಗಬಹುದು. ನನಗೆ ಕಿವಿಯ ತುದಿ ಬಿಸಿಯಾಗುತ್ತದೆ. ಅದು ವಿಭೂತಿಯ ತಪ್ಪಲ್ಲ, ನನ್ನದು.

ನಾವು ತುಮಕೂರಿನ ಕಡೆಯ ಹಳೇ ಪ್ರಾಟೆಸ್ಟಂಟ್ ಕ್ರೈಸ್ತರು. ನಮ್ಮಲ್ಲಿ ವಿಮಲ, ಸುಧಾಕರ, ಶಾಂತಮ್ಮ, ದೇವದಾಸ ಇಂಥ ಹೆಸರುಗಳೇ ಹೆಚ್ಚು. ಮೂರು ತಲೆಮಾರಿನಿಂದ ಹೀಗೇ. ಹೆಸರು ಕೇಳಿದವರಿಗೆ ನಾವು ಯಾರೆಂದು ಗೊತ್ತಾಗುವುದಿಲ್ಲ. ಅದು ಒಂದು ಅನುಕೂಲ ಎಂದು ನನಗೆ ಹೊಳೆದದ್ದು ಚೆನ್ನೈಯಲ್ಲಿ ಮನೆ ಹುಡುಕುವಾಗ. ಸುಧಾಕರ್‌ಗೆ ಶೋಳಿಂಗನಲ್ಲೂರಿನ ಒಂದು ಐಟಿ ಕಟ್ಟಡದಲ್ಲಿ ಏಸಿ ಯಂತ್ರಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಕೆಲಸ. ನನಗೆ ಹತ್ತಿರದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ. ಮಕ್ಕಳಿರಲಿಲ್ಲ, ಇಬ್ಬರೇ. ನಾಲ್ಕು ಮನೆಗಳಲ್ಲಿ ಎಲ್ಲ ಮಾತೂ ಮುಗಿದು, ಬೀಗದಕೈ ಕೊಡುವ ಹೊತ್ತಿಗೆ ಯಾವ ಜನ ಎಂದು ಕೇಳುತ್ತಿದ್ದರು. ನಾವು ಹೇಳುತ್ತಿದ್ದೆವು. ಬ್ರೋಕರ್ ಮಾರನೆಯ ದಿನ ಫೋನು ಎತ್ತುತ್ತಿರಲಿಲ್ಲ.

ಐದನೆಯ ಮನೆ ನೋಡಲು ಹೊರಟ ದಿನ ನಾನು ಬಸ್‌ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಸ್ಟಿಕರ್ ಬೊಟ್ಟಿನ ಒಂದು ಹಾಳೆ ಕೊಂಡು, ಹಣೆಗೆ ಒಂದನ್ನು ಅಂಟಿಸಿಕೊಂಡೆ. ನನ್ನ ತಾಳಿಯಲ್ಲಿ ಪುಟ್ಟ ಶಿಲುಬೆ ಇದೆ. ಅದನ್ನು ರವಿಕೆಯೊಳಗೆ ಸೇರಿಸಿದೆ. ಸುಧಾಕರ್ ನೋಡಿಯೂ ನೋಡದ ಹಾಗೆ ಬಸ್ಸಿನ ನಂಬರು ಓದುತ್ತಾ ನಿಂತಿದ್ದರು.

ಆ ಮನೆ ಗೌರಮ್ಮನವರದು. ನಂಜನಗೂಡಿನ ಕಡೆಯ ಲಿಂಗಾಯತರು. ಅವರ ಗಂಡ ಐವತ್ತು ವರ್ಷದ ಹಿಂದೆ ಚೆನ್ನೈಯ ಪ್ಯಾರೀಸ್ ಕಾರ್ನರ್ ಹತ್ತಿರ ಕಾಗದದ ವ್ಯಾಪಾರಕ್ಕೆಂದು ಬಂದು ನೆಲೆಸಿದವರು, ತೀರಿಕೊಂಡಿದ್ದರು. ಮಗ ಬೇರೆ ಮನೆ ಮಾಡಿದ್ದ. ಗೌರಮ್ಮ ಕೆಳಗೆ, ಬಾಡಿಗೆಯ ಮನೆ ಮೇಲೆ. ಬ್ರೋಕರ್ ತಮಿಳಿನಲ್ಲಿ ಶುರುಮಾಡಿದ. ನಾನು ಸುಧಾಕರ್‌ಗೆ ಕನ್ನಡದಲ್ಲಿ ಏನೋ ಅಂದೆ. ಅಷ್ಟೇ ಸಾಕಾಯಿತು.

"ಅಯ್ಯೋ, ನಮ್ ಕನ್ನಡದೋರಾ! ಮೊದ್ಲೇ ಹೇಳ್ಬಾರ್ದಾ. ಉಳ್ಳೆ ಬನ್ನಿ, ಒಳಗ್ ಬನ್ನಿ. ಯಾವ ಕಡೆ?"

"ತುಮಕೂರು ಕಡೆ ಆಂಟಿ."

"ತುಮಕೂರಾ! ಹಂಗಾದ್ರೆ ನಮ್ಮೋರೇ ಅನ್ನು."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮನೆಯಲ್ಲಿ ಮಾಂಸ ಮಾಡುವುದಿಲ್ಲ ಆಂಟಿ, ಎಂದೆ. ಅದು ನಿಜ, ಆವತ್ತಿನಿಂದ ಮಾಡಲಿಲ್ಲ. ಕಾಗದ ಪತ್ರವೆಲ್ಲ ಬ್ರೋಕರ್ ನೋಡಿಕೊಂಡ. ಗೌರಮ್ಮ ಅವನು ತೋರಿಸಿದ ಕಡೆ ಸಹಿ ಹಾಕುವ ಮುಂಚೆ ಒಂದೇ ಮಾತು ಕೇಳಿದರು. "ಎಸ್. ಸುಧಾಕರ್ ಅಂತಿದೆ. ಎಸ್ ಅಂದ್ರೇನು, ಅಪ್ಪನ ಹೆಸರಾ?"

ಸುಧಾಕರ್ ಬಾಯಿ ತೆರೆಯುವ ಮೊದಲೇ ನಾನು "ಸೋಮಶೇಖರ" ಎಂದೆ.

ನನ್ನ ಮಾವನ ಹೆಸರು ಸ್ಯಾಮುಯೆಲ್. ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದವರು, ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ಆವತ್ತು ಬಸ್ಸಿನಲ್ಲಿ ಸುಧಾಕರ್ ನಕ್ಕರು. "ಸತ್ತ ಐದು ವರ್ಷದ ಮೇಲೆ ನಮ್ಮಪ್ಪಂಗೆ ಹೊಸ ನಾಮಕರಣ ಮಾಡ್ಬಿಟ್ಟೆಯಲ್ಲೇ" ಅಂದರು. ಆ ನಗು ಕಿಟಕಿಯ ಕಡೆ ತಿರುಗಿದ ಮೇಲೆ ಇರಲಿಲ್ಲ.

ಗೌರಮ್ಮ ಒಳ್ಳೆಯವರು. ಒಳ್ಳೆಯವರೆಂದರೆ ಉಸಿರುಗಟ್ಟುವಷ್ಟು. ಬೆಳಗಾದರೆ ಹಾಲಿನ ಪ್ಯಾಕೆಟ್ಟನ್ನು ತಾವೇ ಮೇಲೆ ತಂದುಕೊಡುತ್ತಿದ್ದರು. ಸೋಮವಾರ ಸಂಜೆ ನಾನು ಕೆಳಗಿಳಿದು ಅವರ ಜೊತೆ ಕಾಫಿ ಕುಡಿಯಬೇಕು, ಹೊರಡುವಾಗ ಅವರು ನನ್ನ ಹಣೆಗೆ ವಿಭೂತಿ ಇಡಬೇಕು. "ಈಗಿನ ಹುಡುಗ್ರು ಕೊರಳಿಗೆ ಲಿಂಗಾನೂ ಕಟ್ಕೊಳ್ಳಲ್ಲ, ಇದಾದ್ರೂ ಇರ್ಲಿ" ಎನ್ನುತ್ತಾ ಮೂರು ಬೆರಳಿನಲ್ಲಿ ಎಳೆಯುತ್ತಿದ್ದರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಮೇಲೆ ಬಂದು ಮುಖ ತೊಳೆಯುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ನಾನು ಎಂಟು ತಿಂಗಳು ಕುಡಿದೆ.

ನಮ್ಮ ವೇದಪುಸ್ತಕ, ಹಾಡಿನ ಪುಸ್ತಕ, ಗೋಡೆಗೆ ಹಾಕುವ ಶಿಲುಬೆ ಎಲ್ಲ ಅಟ್ಟದ ಮೇಲಿನ ಸೂಟ್‌ಕೇಸಿನಲ್ಲಿದ್ದವು. ರಾತ್ರಿ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಟಿವಿ ಜೋರಾಗಿ ಹಾಕಿ ಪಿಸುಗುಟ್ಟುತ್ತಿದ್ದೆವು. ಭಾನುವಾರ ನಾಲ್ಕು ಗಂಟೆಗೆ ನಗರದ ಒಂದು ತಮಿಳು ಚರ್ಚಿನ ಹಿಂದಿನ ಹಾಲಿನಲ್ಲಿ ಕನ್ನಡದ ಆರಾಧನೆ ನಡೆಯುತ್ತಿತ್ತು, ಮೂವತ್ತು ಮನೆಯವರು ಸೇರುತ್ತಿದ್ದೆವು. ಎಲ್ಲಿಗೆ ಎಂದು ಗೌರಮ್ಮ ಕೇಳಿದರೆ "ಕನ್ನಡದೋರೆಲ್ಲ ಸೇರ್ತೀವಿ ಆಂಟಿ" ಎನ್ನುತ್ತಿದ್ದೆ. ಅದೂ ನಿಜವೇ. ಹೀಗೆ ನಿಜವನ್ನೇ ಹೇಳಿ ಸುಳ್ಳಾಡುವ ಕಲೆಯಲ್ಲಿ ನಾನು ಪಳಗಿದೆ.

ಆ ಆರಾಧನೆ ನಡೆಸುತ್ತಿದ್ದವರು ದೇವದಾಸ ಅಯ್ಯನವರು. ನಮ್ಮ ಕಡೆ ಪಾಸ್ಟರನ್ನು ಅಯ್ಯನವರು ಎನ್ನುತ್ತೇವೆ. ಹಾಸನದ ಕಡೆ ನಲವತ್ತು ವರ್ಷ ಸೇವೆ ಮಾಡಿ ನಿವೃತ್ತರಾಗಿ, ತಾಂಬರಂನಲ್ಲಿ ಮಗಳ ಮನೆಯಲ್ಲಿದ್ದರು. ವಯಸ್ಸು ಎಪ್ಪತ್ತನ್ನು ದಾಟಿತ್ತು. ಎಲೆಕ್ಟ್ರಿಕ್ ಟ್ರೈನಿನಲ್ಲಿ ಒಬ್ಬರೇ ಬರುತ್ತಿದ್ದರು, ಬಿಳೀ ಶರ್ಟು, ಪ್ಲಾಸ್ಟಿಕ್ ಕವರಿನಲ್ಲಿ ಪುಸ್ತಕ. ಹೊಸ ಮನೆಗೆ ಹೋದರೆ ಅಯ್ಯನವರು ಬಂದು ಹಾಡಿ ಪ್ರಾರ್ಥಿಸುವುದು ನಮ್ಮಲ್ಲಿ ಪದ್ಧತಿ. "ಯಾವಾಗ ಬರ್ಲಮ್ಮ?" ಎಂದು ಅವರು ತಿಂಗಳಿಗೊಮ್ಮೆ ಕೇಳುವರು. ಮನೆ ಮಾಲೀಕರಿಗೆ ಗದ್ದಲ ಆಗುವುದಿಲ್ಲ ಅಯ್ಯನವರೇ, ಎಂದು ನಾನು ತಿಂಗಳಿಗೊಮ್ಮೆ ಮುಂದೂಡುವೆ. ಕೊನೆಕೊನೆಗೆ ಅವರು ಕೇಳುವುದನ್ನು ಬಿಟ್ಟರು.

ಅಕ್ಟೋಬರಿನಲ್ಲಿ ಸುಧಾಕರ್‌ಗೆ ಮೂರು ದಿನ ಹೊಟ್ಟೆ ಕೆಟ್ಟಿತು. ಆಮೇಲೆ ವಾಸಿಯಾಯಿತು. ಒಂದು ವಾರ ಬಿಟ್ಟು ಕಾಲು ಜುಮುಜುಮು ಅನ್ನುತ್ತದೆ ಎಂದರು. ಕೆಲಸದಲ್ಲಿ ಏಣಿ ಹತ್ತಲು ಹೋಗಿ ಎರಡನೇ ಮೆಟ್ಟಿಲಿನಿಂದಲೇ ಇಳಿದುಬಿಟ್ಟರಂತೆ. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಸಂಜೆಗೆ ನೀರು ನುಂಗಲಾಗಲಿಲ್ಲ. ಅದರ ಮಾರನೆಯ ದಿನ ಓಎಂಆರ್ ರಸ್ತೆ ಬದಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಯಂತ್ರ ಅವರ ಬದಲು ಉಸಿರಾಡುತ್ತಿತ್ತು. ದೇಹದ ರಕ್ಷಣೆಗೆ ಇರುವ ಶಕ್ತಿಯೇ ನರಗಳ ಮೇಲೆ ತಿರುಗಿಬಿದ್ದಿದೆ ಎಂದು ಡಾಕ್ಟರಮ್ಮ ವಿವರಿಸಿದರು. ನಿಧಾನವಾಗಿ ಇಳಿಯುತ್ತದೆ, ತಿಂಗಳುಗಳೇ ಬೇಕಾಗಬಹುದು, ಇಳಿಯುವವರೆಗೆ ಅವರು ತಡೆದುಕೊಳ್ಳಬೇಕು ಎಂದರು. ಕಡೆಯಲ್ಲಿ, "ಅವರುಕ್ಕು ಎಲ್ಲಾಮೇ ಕೇಕ್ಕುದು ಮಾ" ಅಂದರು. ಅವರಿಗೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ, ಪಕ್ಕದಲ್ಲಿ ನಿಂತು ಬೇಡದ್ದು ಆಡಬೇಡಿ ಎಂದು.

ಇಡೀ ಮೈಯಲ್ಲಿ ಕಣ್ಣಿನ ರೆಪ್ಪೆ ಮಾತ್ರ ಅವರ ಮಾತು ಕೇಳುತ್ತಿತ್ತು. ಒಂದು ಸಲ ಮಿಟುಕಿಸಿದರೆ ಹೌದು, ಎರಡು ಸಲ ಅಂದರೆ ಬೇಡ. ನಾನು ಕೇಳುತ್ತಿದ್ದೆ, ಅವರು ಮಿಟುಕಿಸುತ್ತಿದ್ದರು. ಫ್ಯಾನು ಬೇಕಾ? ಹೌದು. ನೋವಾ? ಹೌದು. ಪ್ರಾರ್ಥನೆ ಮಾಡ್ಲಾ? ಹೌದು. ಆ ಕೊನೆಯ ಪ್ರಶ್ನೆಗೆ ರೆಪ್ಪೆ ಬೇರೆಲ್ಲಕ್ಕಿಂತ ಬೇಗ ಬೀಳುತ್ತಿತ್ತು. ಅವರನ್ನು ಹಿಡಿದಿಟ್ಟಿದ್ದು ಆ ಯಂತ್ರದ ಜೊತೆ ಇದೊಂದೇ ಎಂದು ನನಗೆ ಗೊತ್ತಾಗುತ್ತಿತ್ತು. ಕುತ್ತಿಗೆಗೆ ಕೊಳವೆ ಹಾಕಿ ಬೇರೆ ಕೋಣೆಗೆ ತಂದ ಮೇಲೆ ಅಯ್ಯನವರು ವಾರಕ್ಕೆ ಮೂರು ದಿನ ಬರತೊಡಗಿದರು. ಮಳೆಯಲ್ಲಿ ಬಸ್ಸು ಬದಲಾಯಿಸಿ, ಪ್ಯಾಂಟು ಮೊಣಕಾಲವರೆಗೆ ಒದ್ದೆ ಮಾಡಿಕೊಂಡು ಬರುತ್ತಿದ್ದರು. ಹಣೆಯ ಮೇಲೆ ಕೈಯಿಟ್ಟು, ಸ್ವಲ್ಪ ಓದಿ, ಸಣ್ಣ ಧ್ವನಿಯಲ್ಲಿ ಒಂದು ಹಾಡು ಹೇಳುತ್ತಿದ್ದರು. ಅವರು ಹೋದ ಮೇಲೆ ಸುಧಾಕರ್ ಎರಡು ಗಂಟೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಮಿಕ್ಕ ದಿನ ಮಾತ್ರೆ ಕೊಟ್ಟರೂ ಅಷ್ಟು ನಿದ್ದೆ ಇಲ್ಲ.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ. ಅಯ್ಯನವರು ಓದುತ್ತಿದ್ದರು. ಹೊರಗೆ ಕಾರಿಡಾರಿನಲ್ಲಿ ಗೌರಮ್ಮನವರ ಧ್ವನಿ ಕೇಳಿಸಿತು, "ಏಮ್ಮಾ ಸಿಸ್ಟರ್, ಸುಧಾಕರ್ ರೂಮ್ ಎಂಗೆ?" ಎಂದು ನರ್ಸನ್ನು ವಿಚಾರಿಸುತ್ತಿದ್ದರು. ಮಗನ ಕಾರಿನಲ್ಲಿ ಹೇಳದೆ ಕೇಳದೆ ಬಂದಿದ್ದರು. ನನಗೆ ಯೋಚಿಸಲು ಸಮಯ ಇರಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಇತ್ತು. ಕಾರಿಡಾರು ಉದ್ದ, ಗೌರಮ್ಮನಿಗೆ ಮೊಣಕಾಲು ನೋವು, ನಿಧಾನಕ್ಕೆ ನಡೆಯುತ್ತಿದ್ದರು. ನಾನು ಅಯ್ಯನವರು ಓದುತ್ತಿದ್ದ ಪುಟದ ಮೇಲೆ ನನ್ನ ಅಂಗೈ ಇಟ್ಟೆ. "ಸಾಕು ಅಯ್ಯನವರೇ" ಎಂದೆ. ಪುಸ್ತಕವನ್ನು ನಾನೇ ಮುಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಕೈಗೆ ಕೊಟ್ಟೆ.

ಗೌರಮ್ಮ ಬಂದರು. ಸುಧಾಕರ್ ಕಡೆ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ, "ಇವ್ರ್ಯಾರು ಕಣಮ್ಮ?"

"ಇವ್ರ ಆಫೀಸ್ನೋರು ಆಂಟಿ."

"ಹೌದಾ ಸ್ವಾಮಿ? ಈ ವಯಸ್ಸಲ್ಲೂ ಕೆಲ್ಸ ಮಾಡ್ತೀರಾ? ಯಾವ ಡಿಪಾರ್ಟ್‌ಮೆಂಟು?"

ಅಯ್ಯನವರು ನನ್ನ ಮುಖ ನೋಡಿದರು. ಒಂದು ಗಳಿಗೆ. ನಾನು ಕಣ್ಣಲ್ಲೇ ಬೇಡಿಕೊಂಡೆ. ನಲವತ್ತು ವರ್ಷ ಪೀಠದ ಮೇಲೆ ನಿಂತು ಸುಳ್ಳಾಡಬೇಡಿ ಎಂದು ಬೋಧಿಸಿದ ಮನುಷ್ಯ ತಲೆ ತಗ್ಗಿಸಿ, "ಹೌದಮ್ಮ. ಮೇಂಟೆನೆನ್ಸು" ಅಂದರು. ಬರ್ತೀನಿ ಎಂದು ಹೇಳಿ ಹೊರಟರು. ಮಳೆ ಜೋರಾಗಿತ್ತು. ಸ್ವಲ್ಪ ನಿಂತು ಹೋಗಿ ಎಂದು ಗೌರಮ್ಮ ಹೇಳಿದರು, ನಾನು ಹೇಳಲಿಲ್ಲ. ಹೋದರೆ ಸಾಕಾಗಿತ್ತು ನನಗೆ.

ಗೌರಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಸುಧಾಕರ್ ಹಣೆಗೆ ವಿಭೂತಿ ಇಟ್ಟರು, ಅಯ್ಯನವರ ಕೈ ಇದ್ದ ಕಡೆಯೇ. ಅವರ ಮನಸ್ಸಿನಲ್ಲಿ ಎಳ್ಳಷ್ಟು ಕಪಟ ಇರಲಿಲ್ಲ. ಅವರು ಹೋದ ಮೇಲೆ ನಾನು ಮಂಚದ ಹತ್ತಿರ ಬಗ್ಗಿದೆ. ಸುಧಾಕರ್ ಎರಡೂ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಏಳುವುದಿಲ್ಲ. "ನೋವಾ ರೀ?" ಎಂದೆ. ಎರಡು ಸಲ ಮಿಟುಕಿಸಿದರು. "ಪ್ರಾರ್ಥನೆ ಮಾಡ್ಲಾ?" ಎರಡು ಸಲ.

ಬೇಡ ಎಂದರು. ಮದುವೆಯಾದ ಹನ್ನೊಂದು ವರ್ಷದಲ್ಲಿ ಆ ಮನುಷ್ಯ ಪ್ರಾರ್ಥನೆ ಬೇಡ ಎಂದದ್ದು ಅದೇ ಮೊದಲು.

ಮಾರನೆಯ ದಿನವೂ ಬೇಡ. ಅದರ ಮಾರನೆಯ ದಿನ ನಾನು ಕೇಳುವಾಗಲೇ ಕಣ್ಣು ಮುಚ್ಚಿಕೊಂಡರು. ಯಂತ್ರವನ್ನು ಸ್ವಲ್ಪ ಸ್ವಲ್ಪವೇ ನಿಲ್ಲಿಸಿ ತಾವಾಗಿ ಉಸಿರಾಡುತ್ತಾರಾ ಎಂದು ನೋಡುವ ಪ್ರಯತ್ನವನ್ನು ಆ ವಾರ ಶುರುಮಾಡಿದ್ದರು. ಎರಡು ಸಲವೂ ಆಗಲಿಲ್ಲ. ನರ ಕೈಕೊಟ್ಟಿಲ್ಲ, ಅವರೇ ಪ್ರಯತ್ನ ಪಡುತ್ತಿಲ್ಲ, ನಿಮ್ಮ ಮನೆಯಲ್ಲಿ ಏನಾದರೂ ಆಯಿತಾ, ಎಂದು ಡಾಕ್ಟರಮ್ಮ ಕೇಳಿದರು. ಏನೂ ಇಲ್ಲ ಎಂದೆ. ಒಂದು ಸುಳ್ಳನ್ನು ಮುಚ್ಚಲು ಎಷ್ಟು ಸುಳ್ಳು ಬೇಕಾಗುತ್ತದೆ ಎಂಬ ಲೆಕ್ಕ ಅಷ್ಟು ಹೊತ್ತಿಗೆ ತಪ್ಪಿಹೋಗಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೊಬ್ಬಳೇ ಪ್ರಾರ್ಥಿಸಲು ನೋಡಿದೆ. ಬಾಯಿಪಾಠವಾಗಿದ್ದ ಮಾತುಗಳು ಅರ್ಧಕ್ಕೆ ನಿಂತವು. ಮನೆ ಹೋದೀತು ಎಂದು ಯಾವ ದೇವರನ್ನು ಗೊತ್ತಿಲ್ಲ ಅಂದೆನೋ ಅವನ ಹತ್ತಿರವೇ ಹೋಗಿ ಗಂಡನ ಉಸಿರು ಕೊಡು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ನಾಚಿಕೆಯಾಯಿತು. ಅಯ್ಯನವರು ಮೂರು ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ.

ಮುಂದಿನ ವಾರ ದೊಡ್ಡ ಮಳೆ ಹಿಡಿಯಿತು. ವೇಲಚೇರಿಯ ವಿಷಯ ಗೊತ್ತೇ ಇದೆಯಲ್ಲ, ನಾಲ್ಕು ಹನಿ ಹೆಚ್ಚು ಬಿದ್ದರೆ ಕೆರೆ ತನ್ನ ಹಳೇ ಜಾಗ ಹುಡುಕಿಕೊಂಡು ಬರುತ್ತದೆ. ಬೆಳಿಗ್ಗೆ ಎದ್ದು ನೋಡುವಾಗ ಬೀದಿಯಲ್ಲಿ ಸ್ಕೂಟರುಗಳ ಸೀಟು ಮಾತ್ರ ಕಾಣುತ್ತಿತ್ತು. ಗೌರಮ್ಮನವರ ಮನೆಯೊಳಗೆ ಮೊಣಕಾಲುದ್ದ ನೀರು. ಇಬ್ಬರೂ ಸೇರಿ ಅಕ್ಕಿ, ಬೇಳೆ, ಔಷಧಿ, ಅವರ ಗಂಡನ ಫೋಟೋ ಮೇಲೆ ಸಾಗಿಸಿದೆವು. ಕರೆಂಟಿಲ್ಲ. ಆಸ್ಪತ್ರೆಗೆ ಹೋಗಲು ದಾರಿಯಿಲ್ಲ. ಫೋನಿನಲ್ಲಿ ನರ್ಸು ಹಾಗೇ ಇದ್ದಾರೆ ಎಂದಳು. ಚಾರ್ಜು ಮುಗಿದು ಅದೂ ಸತ್ತಿತು.

ಎರಡನೆಯ ದಿನ ಬೆಳಿಗ್ಗೆ ಗೌರಮ್ಮ ನಮ್ಮ ನಡುಮನೆಯಲ್ಲಿ ಚಾಪೆ ಹಾಕಿ ಕೂತು, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದರು. ಕೆಳಗೆ ಅವರ ಐವತ್ತು ವರ್ಷದ ಸಂಸಾರ ನೀರಿನಲ್ಲಿ ಮುಳುಗಿತ್ತು. ಅವರು ಕಣ್ಣೀರು ಸುರಿಸುತ್ತಲೇ, ಪಕ್ಕದಲ್ಲಿ ನಾನಿದ್ದೇನೆ ಎಂಬ ಸಂಕೋಚವಿಲ್ಲದೆ, ತಮ್ಮ ಸ್ವಾಮಿಯನ್ನು ಹೆಸರು ಹಿಡಿದು ಕೂಗಿದರು, ಬೈದರು, ಬೇಡಿಕೊಂಡರು. ಎದ್ದಾಗ ಅವರ ಮುಖ ಶಾಂತವಾಗಿತ್ತು. ಒಲೆ ಹಚ್ಚಿ ಉಪ್ಪಿಟ್ಟು ಮಾಡಲು ಹೊರಟರು. ಅದನ್ನು ನೋಡುತ್ತಾ ನನಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿ. ನನಗೂ ಹಾಗೆ ಕೂಗಬೇಕಿತ್ತು, ನನ್ನ ಮನೆಯಲ್ಲೇ.

"ಆಂಟಿ, ನಿಮ್ಗೊಂದು ಮಾತು ಹೇಳ್ಬೇಕು."

"ಹೇಳು. ಅದಕ್ಯಾಕೆ ಪೀಠಿಕೆ?"

"ನಾವು ಕ್ರಿಶ್ಚಿಯನ್ಸು. ನಮ್ಮ ಮಾವನ ಹೆಸ್ರು ಸೋಮಶೇಖರ ಅಲ್ಲ, ಸ್ಯಾಮುಯೆಲ್ ಅಂತ. ಆವತ್ತು ಆಸ್ಪತ್ರೇಲಿ ಇದ್ರಲ್ಲ, ಅವ್ರು ಆಫೀಸ್ನೋರಲ್ಲ. ನಮ್ಮ ಪಾಸ್ಟರು."

ಗೌರಮ್ಮ ಬಾಣಲೆಯಲ್ಲಿ ರವೆ ಹುರಿಯುತ್ತಿದ್ದವರು ಕೈ ನಿಲ್ಲಿಸಿದರು. ಒಲೆ ಆರಿಸಿದರು. ಮನೆ ಬಿಟ್ಟು ಹೋಗು ಎನ್ನಲು ಅವರಿಗೂ, ಹೋಗಲು ನನಗೂ ದಾರಿ ಇರಲಿಲ್ಲ. ಮೆಟ್ಟಿಲ ಕೆಳಗೆ ಮೂರು ಕಡೆಯೂ ನೀರು.

"ಎಂಟು ತಿಂಗ್ಳು" ಅಂದರು ಕಡೆಗೆ. "ಪ್ರತಿ ಸೋಮವಾರ ನನ್ನ ಕೈಯಾರೆ ನಿನ್ನ ಹಣೆಗಿಟ್ಟೆನಲ್ಲೇ. ಬೇಡ ಆಂಟಿ ಅಂತ ಒಂದಿನ ತಲೆ ಹಿಂದಕ್ಕೆ ತಗೊಳ್ಳಲಿಲ್ಲವಲ್ಲ ನೀನು. ಮೇಲೆ ಬಂದು ತೊಳ್ಕೊತಿದ್ದೆ, ಅಲ್ವಾ? ನನ್ನ ಸ್ವಾಮಿನ ಏನಂತ ತಿಳ್ಕೊಂಡಿದ್ದೆ, ಪೌಡರಾ?"

ಈ ಏಟು ನಾನು ಎದುರು ನೋಡಿರಲಿಲ್ಲ. ನನ್ನ ದೇವರಿಗೆ ಮಾಡಿದ ದ್ರೋಹವನ್ನಷ್ಟೇ ಲೆಕ್ಕ ಹಾಕಿದ್ದೆ. ಅವರ ದೇವರಿಗೂ ನಾನು ಅಷ್ಟೇ ಅವಮಾನ ಮಾಡಿದ್ದೆ ಎಂದು ಹೊಳೆದೇ ಇರಲಿಲ್ಲ. "ಮನೆ ಸಿಗಲ್ಲ ಅಂತ ಹೆದ್ರಿಕೆ ಆಂಟಿ" ಎಂದೆ.

"ಸಿಕ್ತಿರ್ಲಿಲ್ಲ" ಅಂದರು ಗೌರಮ್ಮ. "ನಾನ್ಯಾಕೆ ಸುಳ್ಳು ಹೇಳ್ಲಿ. ಮೊದ್ಲೇ ಹೇಳಿದ್ರೆ ಕೊಡ್ತಿರ್ಲಿಲ್ಲ." ಹೇಳಿ ಅವರೂ ತಲೆ ತಗ್ಗಿಸಿದರು.

ಒಂದೇ ಬಾಣಲೆಯ ಉಪ್ಪಿಟ್ಟನ್ನು ಎರಡು ಮೂಲೆಯಲ್ಲಿ ಕೂತು ತಿಂದೆವು. ಮಧ್ಯಾಹ್ನ ಅವರೇ ಬಾಯಿಬಿಟ್ಟರು. "ಗಂಡ ಅಲ್ಲಿ ಒಬ್ನೇ ಮಲಗವ್ನೆ. ಇಲ್ಲಿ ಗೋಡೆ ನೋಡ್ಕೊಂಡು ಕೂತಿದ್ರೆ ಏನಾಯ್ತು? ನಿನ್ನ ದೇವ್ರನ್ನಾದ್ರೂ ಬಾಯ್ಬಿಟ್ಟು ಕೂಗು. ನಾನಿದೀನಿ ಅಂತ ನಾಚ್ಕೋಬೇಡ."

ಅಟ್ಟದಿಂದ ಸೂಟ್‌ಕೇಸು ಇಳಿಸಿದೆ. ಪುಸ್ತಕಕ್ಕೆ ಬೂಸಲು ವಾಸನೆ ಹಿಡಿದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಬಿಟ್ಟು ಪ್ರಾರ್ಥಿಸಿದೆ. ಚಂದದ ಮಾತು ಒಂದೂ ಬರಲಿಲ್ಲ. ತಪ್ಪಾಯ್ತು, ಅವರ ಕೈ ಬಿಡಬೇಡ, ನನ್ನ ಮೇಲಿನ ಕೋಪವನ್ನು ಅವರ ಉಸಿರಿನ ಮೇಲೆ ತೋರಿಸಬೇಡ. ಇಷ್ಟನ್ನೇ ತಿರುಗಿಸಿ ಮುರುಗಿಸಿ ಹೇಳಿದೆ. ಅತ್ತೆ. ಏನೂ ಆಗಲಿಲ್ಲ, ಮಳೆಯೂ ನಿಲ್ಲಲಿಲ್ಲ. ಆದರೆ ಮುಗಿಸಿ ಎದ್ದಾಗ ಕಾಲು ನೆಲಕ್ಕೆ ಊರಿತು, ತಿಂಗಳ ಮೇಲೆ ಮೊದಲ ಸಲ. ಏನು ಬಂದರೂ ನಿಂತುಕೊಳ್ಳಬಲ್ಲೆ ಅನ್ನಿಸಿತು. ಬಲ ಎಂದರೆ ಅದೇ ಇರಬೇಕು. ಅದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಮೂರನೆಯ ದಿನ ಸೊಂಟದವರೆಗಿನ ನೀರಿನಲ್ಲಿ ನಡೆದು, ಒಂದು ಹಾಲಿನ ಲಾರಿ ಹತ್ತಿ ಆಸ್ಪತ್ರೆಗೆ ಹೋದೆ. ಒದ್ದೆ ಸೀರೆಯಲ್ಲೇ ಮಂಚದ ಪಕ್ಕ ನಿಂತು, "ಗೌರಮ್ಮಂಗೆ ಎಲ್ಲಾ ಹೇಳ್ಬಿಟ್ಟೆ ರೀ. ಮಾವನ ಹೆಸರೂ ಹೇಳ್ದೆ" ಎಂದೆ. ಸುಧಾಕರ್ ಕಣ್ಣು ತೆರೆದು ನನ್ನನ್ನೇ ನೋಡಿದರು.

"ಪ್ರಾರ್ಥನೆ ಮಾಡ್ಲಾ?"

ಒಂದು ಸಲ ಮಿಟುಕಿಸಿದರು. ಆಮೇಲೆ ತಡೆದು, ಮತ್ತೊಂದು ಸಲ. ಬೇಡವಾ ಎಂದು ಬಗ್ಗಿ ನೋಡಿದೆ. ಇಲ್ಲ, ಅದು ನೀರು ತುಂಬಿ ಮಿಟುಕಿಸಿದ್ದು.

ಪವಾಡ ಎನ್ನುವುದಿಲ್ಲ ನಾನು. ನಿಧಾನವಾಗಿ ಇಳಿಯುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಹಾಗೇ ಇಳಿಯಿತು. ಆ ವಾರ ಯಂತ್ರವಿಲ್ಲದೆ ಹತ್ತು ನಿಮಿಷ ಉಸಿರಾಡಿದರು, ಮುಂದಿನ ವಾರ ಅರ್ಧ ದಿನ. ಕ್ರಿಸ್ಮಸ್ಸಿಗೆ ಕೊಳವೆ ತೆಗೆದರು. ಎಡಗಾಲು ಮಾತ್ರ ಪೂರ್ತಿ ಬರಲಿಲ್ಲ. ಗೌರಮ್ಮ ಒಂದು ಸಲ ಬಂದರು. ಮಂಚದ ಕಾಲ ಬಳಿ ಕೈಮುಗಿದು ನಿಂತು, ಹಣೆ ಮುಟ್ಟದೆ ಹೋದರು. ಮನೆ ಬಿಡಿ ಎನ್ನಲಿಲ್ಲ. ಹಾಲಿನ ಪ್ಯಾಕೆಟ್ಟು ಬರುತ್ತಲೇ ಇತ್ತು. ಸೋಮವಾರದ ಕಾಫಿ ಮಾತ್ರ ನಿಂತಿತು. ಕರಾರು ಮುಗಿದಾಗ ನಾವಾಗಿಯೇ ತಾಂಬರಂಗೆ ಬಂದೆವು.

ಅಯ್ಯನವರಿಗೆ ಫೋನು ಮಾಡಿ, ಮನೆ ಮಾಲೀಕರಿಗೆ ವಿಷಯ ಹೇಳಿದೆ ಎಂದೆ. "ಒಳ್ಳೇದಾಯ್ತು ಮಗಳೇ" ಅಂದರು. ಕ್ಷಮಿಸಿ ಎನ್ನಬೇಕೆಂದೇ ಫೋನು ಮಾಡಿದ್ದು. ಅದರ ಬದಲು, ನಾಳೆ ಪ್ರಾರ್ಥನೆಗೆ ಬರ್ತೀರಾ ಎಂದು ಕೇಳಿದೆ. ಬಂದರು. ಮತ್ತೆ ಮತ್ತೆ ಬಂದರು. ನಾನು ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಅವರಿಗೆ ಅರ್ಥವಾಗಿರುತ್ತದೆ ಬಿಡು ಎಂದುಕೊಂಡೆ. ಎರಡು ವರ್ಷ ಕಳೆದು ಅವರು ಒಂದು ಮಧ್ಯಾಹ್ನ ಮಲಗಿದಲ್ಲೇ ತೀರಿಕೊಂಡರು.

ಮಣ್ಣು ಮುಗಿಸಿ ಅವರ ಮಗಳ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ, ನಮ್ಮ ಸಭೆಯ ಹಿರಿಯರಾದ, ನರ್ಸಾಗಿ ನಿವೃತ್ತರಾದ ಶಾಂತಮ್ಮ ಪಕ್ಕಕ್ಕೆ ಬಂದು ಕೂತರು. ಅಯ್ಯನವರ ಬಗ್ಗೆ ಎಲ್ಲರೂ ಒಂದೊಂದು ಹೇಳುತ್ತಿದ್ದರು, ಅವರೂ ಹೇಳಿದರು.

"ನಿಂಗೆ ಗೊತ್ತಿರಲ್ಲ ವಿಮಲಾ, ಆಗ ನೀನು ಆಸ್ಪತ್ರೇಲಿದ್ದೆ. ನವೆಂಬರಲ್ಲಿ ಒಂದು ಭಾನುವಾರ ಪ್ರಭು ಭೋಜನದ ರೊಟ್ಟಿ ದ್ರಾಕ್ಷಾರಸ ಎಲ್ಲಾ ಮುಂದೆ ಇಟ್ಟಿದೆ, ಅಯ್ಯನವರು ಎದ್ದು ನಿಂತು, ಇವತ್ತು ನಾನು ಹಂಚಲ್ಲ ಅಂದ್ಬಿಟ್ರು. ಈ ವಾರ ಒಬ್ರು ನೀವು ಯಾರು ಅಂತ ಕೇಳಿದ್ರು, ನಾನು ಯಾರ ಕೆಲಸದೋನು ಅಂತ ಹೇಳ್ಲಿಲ್ಲ, ಸುಳ್ಳು ಹೇಳಿ ಎದ್ದು ಬಂದೆ, ನಂಗೋಸ್ಕರ ಪ್ರಾರ್ಥನೆ ಮಾಡಿ ಅಂತ ಹೇಳಿ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಂಡ್ರು. ಮುದುಕ, ಎಲ್ಲರ ಮುಂದೆ ಅತ್ರು ಕಣೆ. ಯಾರು ಕೇಳಿದ್ರು, ಎಲ್ಲಿ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ."

ಶಾಂತಮ್ಮ ಬೇರೆ ಯಾವುದೋ ಮಾತಿಗೆ ಹೋದರು. ನನಗೆ ಮಾತ್ರ ಫೆಬ್ರವರಿಯ ಒಂದು ಭಾನುವಾರ ಕಣ್ಣ ಮುಂದೆ ಬಂತು. ಸುಧಾಕರ್‌ರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕೃತಜ್ಞತೆಯ ಆರಾಧನೆಗೆ ಹೋಗಿದ್ದೆವು. ಕಷ್ಟ ದಾಟಿ ಬಂದವರು ಎದ್ದು ನಿಂತು ಸಾಕ್ಷಿ ಹೇಳುವುದು ನಮ್ಮಲ್ಲಿ ರೂಢಿ. ನಾನು ಹೇಳಿದೆ. ಲಕ್ವ ಹೊಡೆದ ಹಾಗೆ ಮಲಗಿದ್ದನ್ನು, ನೀರಿನಲ್ಲಿ ನಡೆದದ್ದನ್ನು, ಹತ್ತು ನಿಮಿಷದ ಉಸಿರನ್ನು, ದೇವರು ನನ್ನನ್ನು ಒಂದು ಕ್ಷಣವೂ ಅಲುಗಾಡಲು ಬಿಡಲಿಲ್ಲ ಎಂಬುದನ್ನು. ಹೆಂಗಸರು ಕಣ್ಣೊರೆಸಿಕೊಂಡರು, ಎಂಥ ವಿಶ್ವಾಸ ಎಂದರು. ಮುಂದಿನ ಸಾಲಿನಲ್ಲಿ ಅಯ್ಯನವರು ಕೂತಿದ್ದರು. ಎಲ್ಲರೂ ಆಮೆನ್ ಎಂದ ಮೇಲೂ ಅವರು ಅನ್ನಲಿಲ್ಲ. ಇನ್ನೂ ಏನೋ ಬಾಕಿ ಇದೆ ಎಂಬಂತೆ, ಹೇಳು ಮಗಳೇ ಎಂಬಂತೆ, ಮುಖವೆತ್ತಿ ನನ್ನನ್ನೇ ನೋಡುತ್ತಾ ಕಾದರು. ನಾನು ಮೈಕನ್ನು ಪಕ್ಕದವರ ಕೈಗೆ ಕೊಟ್ಟು ಬಂದು ಕೂತೆ.